ವೆಂಟಿಲೇಟರ್‌ನಿಂದ ಸ್ವಂತ ಉಸಿರಿಗೆ: ಬಿಡಿಸುವುದು ಯಾಕೆ ಇಷ್ಟು ಕಷ್ಟ?

ರೋಗಿಯ ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರ್‌ಗೆ ಜೋಡಿಸಲು ಕೆಲವು ನಿಮಿಷ ಸಾಕು. ಅದರಿಂದ ಬಿಡಿಸಲು ದಿನಗಳು ಬೇಕು, ಕೆಲವರಿಗೆ ವಾರಗಳೇ ಬೇಕು. 1990ರ ದಶಕದಲ್ಲಿ ಸ್ಪೇನ್‌ನ ಆಸ್ಪತ್ರೆಗಳಲ್ಲಿ ನಡೆದ ಸಮೀಕ್ಷೆಯೊಂದು ಇದನ್ನು ಲೆಕ್ಕ ಹಾಕಿತ್ತು. ರೋಗಿಗಳು ಯಂತ್ರದ ಮೇಲೆ ಕಳೆದ ಒಟ್ಟು ಸಮಯದಲ್ಲಿ ಸುಮಾರು ಶೇ 40ರಷ್ಟು ಬಿಡಿಸುವ ಪ್ರಯತ್ನಕ್ಕೇ ಹೋಗಿತ್ತು. ಐಸಿಯುನಲ್ಲಿ ಈ ಹಂತವನ್ನು ವೀನಿಂಗ್ ಅಂತಾರೆ.

ಹೊರಗೆ ಕಾಯುವ ಮನೆಯವರಿಗೆ ತುಂಬಾ ಗೊಂದಲ ಆಗುವುದೂ ಇದೇ ಹಂತದಲ್ಲಿ. ಬೆಳಿಗ್ಗೆ "ಸ್ವಂತವಾಗಿ ಉಸಿರಾಡ್ತಿದ್ದಾರೆ" ಅಂತಾರೆ. ಮಧ್ಯಾಹ್ನ "ಮತ್ತೆ ಮೆಷಿನ್‌ಗೆ ಹಾಕಿದ್ದೇವೆ" ಅಂತಾರೆ. ಹಾಗಾದರೆ ಹುಷಾರಾಗ್ತಿದ್ದಾರಾ, ಇಲ್ವಾ? ಬಹಳ ಸಲ ಈ ಎರಡೂ ಮಾತು ಒಟ್ಟಿಗೇ ನಿಜವಾಗಿರುತ್ತವೆ. ಅದು ಹೇಗೆ ಅಂತ ತಿಳಿಯಬೇಕಾದರೆ ಯಂತ್ರ ಏನು ಮಾಡುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ನಾವು ಸಹಜವಾಗಿ ಉಸಿರಾಡುವಾಗ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತೇವೆ. ಎದೆ ಮತ್ತು ಹೊಟ್ಟೆಯ ನಡುವೆ ವಪೆ ಎಂಬ ಸ್ನಾಯು ಇದೆ. ಅದು ಕೆಳಗಿಳಿದಾಗ ಎದೆಯೊಳಗಿನ ಒತ್ತಡ ಕಡಿಮೆಯಾಗಿ ಗಾಳಿ ತಾನಾಗಿ ಒಳಗೆ ಬರುತ್ತದೆ. ವೆಂಟಿಲೇಟರ್ ಮಾಡುವುದು ಇದಕ್ಕೆ ಉಲ್ಟಾ. ಅದು ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ ಈ ತಳ್ಳುವ ದಾರಿ ಹಿಡಿದರು. ಅಷ್ಟೊಂದು ಯಂತ್ರಗಳು ಆಗ ಇರಲಿಲ್ಲ. ಕತ್ತಿನಲ್ಲಿ ರಂಧ್ರ ಮಾಡಿ ಟ್ಯೂಬ್ ಇಟ್ಟರು. ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು, ರಬ್ಬರ್ ಚೀಲ ಒತ್ತಿ ಒತ್ತಿ ರೋಗಿಗಳನ್ನು ಉಸಿರಾಡಿಸಿದರು. ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು. ಇವತ್ತಿನ ಐಸಿಯು ಹುಟ್ಟಿದ್ದು ಅಲ್ಲಿಂದಲೇ.

ಆ ವಿದ್ಯಾರ್ಥಿಗಳು ಪೋಲಿಯೊ ವಾಸಿ ಮಾಡಲಿಲ್ಲ. ಇವತ್ತಿನ ವೆಂಟಿಲೇಟರ್ ಕೂಡ ನ್ಯುಮೋನಿಯಾವನ್ನಾಗಲಿ, ಸೋಂಕಿನಿಂದ ಅಂಗಗಳು ಕೆಡುವ ಸೆಪ್ಸಿಸ್ ಅನ್ನಾಗಲಿ ಗುಣಪಡಿಸುವುದಿಲ್ಲ. ಔಷಧಿ ಕೆಲಸ ಮಾಡುವವರೆಗೆ, ದೇಹ ಚೇತರಿಸಿಕೊಳ್ಳುವವರೆಗೆ ಅದು ಸಮಯ ಕೊಡಿಸುತ್ತದೆ. ಆದರೆ ಆ ಸಮಯಕ್ಕೆ ದೇಹ ಬೆಲೆ ತೆರುತ್ತಾ ಹೋಗುತ್ತದೆ.

ಕೆಲಸವಿಲ್ಲದ ಸ್ನಾಯು

ಮುರಿದ ಕೈಗೆ ಪ್ಲಾಸ್ಟರ್ ಹಾಕಿ ಕೆಲವು ವಾರ ಬಿಟ್ಟು ಬಿಚ್ಚಿದರೆ ಕೈ ಸಣಕಲಾಗಿರುತ್ತದೆ, ಅಲ್ವಾ? ವಪೆಗೂ ಹಾಗೇ ಆಗುತ್ತದೆ, ಅದೂ ಬಹಳ ಬೇಗ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಿದುಳು ಸತ್ತ 14 ಅಂಗದಾನಿಗಳ ವಪೆಯ ಚೂರುಗಳನ್ನು ಪರೀಕ್ಷಿಸಲಾಯಿತು. ಅವರು ವೆಂಟಿಲೇಟರ್ ಮೇಲಿದ್ದದ್ದು 18ರಿಂದ 69 ಗಂಟೆ ಮಾತ್ರ. ಅಷ್ಟರಲ್ಲೇ ಸ್ನಾಯುವಿನ ಎಳೆಗಳು ಅರ್ಧಕ್ಕಿಂತ ಹೆಚ್ಚು ತೆಳುವಾಗಿದ್ದವು. ಮೂರು ದಿನವೂ ಆಗಿರಲಿಲ್ಲ. ಉಸಿರಾಟ ತಜ್ಞರ ಯೋಚನೆಯ ರೀತಿಯನ್ನೇ ಈ ಅಧ್ಯಯನ ಬದಲಿಸಿತು.

ಹಾಗಂತ ಸ್ನಾಯುವಿಗೆ ವಿಪರೀತ ಕೆಲಸ ಕೊಟ್ಟರೂ ಕಷ್ಟ. ದಣಿದ ವಪೆ ಗಾಯಗೊಳ್ಳುತ್ತದೆ, ಉರಿಯೂತ ಬರುತ್ತದೆ. ಆದ್ದರಿಂದ ಈಗಿನ ಗುರಿ ಮಧ್ಯದ ದಾರಿ. ರೋಗಿ ಸ್ವಲ್ಪ ಎಳೆಯಬೇಕು, ಯಂತ್ರ ಸ್ವಲ್ಪ ತಳ್ಳಬೇಕು.

ಯಂತ್ರದ ಮೇಲೆ ಜಾಸ್ತಿ ದಿನ ಇದ್ದಷ್ಟೂ ಬೇರೆ ಅಪಾಯಗಳೂ ಬೆಳೆಯುತ್ತವೆ. ಟ್ಯೂಬಿನ ಪಕ್ಕದಿಂದ ಜೊಲ್ಲು, ಸೋಂಕು ಕೆಳಗಿಳಿದು ಹೊಸ ನ್ಯುಮೋನಿಯಾ ಬರಬಹುದು. ಕೈಕಾಲಿನ ಶಕ್ತಿ ಕುಂದುತ್ತದೆ. ರೋಗಿಗೆ ಭ್ರಮೆ, ದಿಕ್ಕುತಪ್ಪಿದ ಸ್ಥಿತಿ ಕಾಡುತ್ತದೆ. ಅವಸರ ಮಾಡಿ ತೆಗೆದರೋ, ಟ್ಯೂಬನ್ನು ತುರ್ತಾಗಿ ಮತ್ತೆ ಹಾಕಬೇಕಾಗಬಹುದು. ಹಾಗೆ ಮತ್ತೆ ಹಾಕಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಹೆಚ್ಚು. ಬೇಗ ತೆಗೆದರೂ ತೊಂದರೆ, ತಡ ಮಾಡಿದರೂ ತೊಂದರೆ. ವೀನಿಂಗ್ ಇಡೀ ಈ ಎರಡರ ನಡುವೆ ನಡೆಯುತ್ತದೆ.

ಮೊದಲು ಎಚ್ಚರ

ಟ್ಯೂಬ್ ಗಂಟಲಲ್ಲಿದ್ದರೆ ಸಂಕಟವಾಗುತ್ತದೆ. ಅದಕ್ಕೇ ನೋವಿನ ಮದ್ದು, ಮತ್ತಿನ ಮದ್ದು ಕೊಡುತ್ತಾರೆ. ಹಿಂದೆ ರೋಗಿಯನ್ನು ಪೂರ್ತಿ ಮಲಗಿಸಿಡುವುದೇ ದಯೆ ಎಂದು ನಂಬಿದ್ದರು. ಆದರೆ ಈ ಮದ್ದುಗಳು ದೇಹದಲ್ಲಿ ಕೂಡುತ್ತಾ ಹೋಗುತ್ತವೆ, ಅದರಲ್ಲೂ ಕಿಡ್ನಿ, ಲಿವರ್ ಸೋತವರಲ್ಲಿ. ಶ್ವಾಸಕೋಶ ಸುಧಾರಿಸಿದ್ದರೂ ಉಸಿರಾಡು ಎಂದು ಮಿದುಳು ಹೇಳುವುದೇ ಇಲ್ಲ.

2000ನೇ ಇಸವಿಯಲ್ಲಿ ಶಿಕಾಗೋದಿಂದ ಬಂದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. 128 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೊಮ್ಮೆ ಮತ್ತಿನ ಮದ್ದು ನಿಲ್ಲಿಸಿ ಎಚ್ಚರವಾಗಲು ಬಿಟ್ಟರು. ಯಂತ್ರದ ಮೇಲಿನ ದಿನಗಳು 7.3ರಿಂದ 4.9ಕ್ಕೆ ಇಳಿದವು. 2008ರಲ್ಲಿ ಅಮೆರಿಕದ ಇನ್ನೊಂದು ಅಧ್ಯಯನ, 336 ರೋಗಿಗಳಲ್ಲಿ, ಎರಡು ಕೆಲಸ ಜೋಡಿಸಿತು. ದಿನವೂ ಮೊದಲು ಎಚ್ಚರಿಸುವುದು, ಆಮೇಲೆ ಸ್ವಂತ ಉಸಿರಿನ ಪರೀಕ್ಷೆ ಮಾಡುವುದು. ಒಂದು ವರ್ಷದ ಕೊನೆಗೆ ಈ ಗುಂಪಿನಲ್ಲಿ ಬದುಕುಳಿದವರು ಹೆಚ್ಚು. ಲೆಕ್ಕ ಹಾಕಿದರೆ, ಹೀಗೆ ನೋಡಿಕೊಂಡ ಸುಮಾರು ಏಳು ಜನರಲ್ಲಿ ಒಂದು ಜೀವ ಹೆಚ್ಚು ಉಳಿದಂತೆ. ಎಚ್ಚರವಿದ್ದವರಲ್ಲಿ ತಾವೇ ಟ್ಯೂಬ್ ಕಿತ್ತುಕೊಂಡವರು ಜಾಸ್ತಿ ಇದ್ದರು, ನಿಜ. ಆದರೆ ಆ ಕಾರಣಕ್ಕೆ ಮತ್ತೆ ಟ್ಯೂಬ್ ಹಾಕಬೇಕಾದವರ ಸಂಖ್ಯೆ ಹೆಚ್ಚಲಿಲ್ಲ. ಹೊಸ ಔಷಧಿ, ಹೊಸ ಯಂತ್ರ ಯಾವುದೂ ಇಲ್ಲದೆ ಸಿಕ್ಕ ಫಲ ಇದು. ನನಗೆ ಇಡೀ ಐಸಿಯು ಚರಿತ್ರೆಯಲ್ಲೇ ಇದು ದೊಡ್ಡ ಸಂಗತಿ ಅನಿಸುತ್ತದೆ.

ದಿನವೂ ಕೇಳಬೇಕಾದ ಪ್ರಶ್ನೆ

1980ರ ದಶಕದಲ್ಲಿ ರೂಢಿ ಬೇರೆ ಇತ್ತು. ಯಂತ್ರದ ನೆರವನ್ನು ಸ್ವಲ್ಪ ಸ್ವಲ್ಪವೇ ಇಳಿಸುವುದು. ಇವತ್ತು ನಿಮಿಷಕ್ಕೆ ಹತ್ತು ಉಸಿರು, ನಾಳೆ ಎಂಟು, ನಾಡಿದ್ದು ಆರು. ಕೇಳಲು ಇದೇ ಸರಿ ಅನಿಸುತ್ತದೆ. 1995ರಲ್ಲಿ ಸ್ಪೇನ್‌ನ ತಂಡವೊಂದು ಇದನ್ನು ನಿಜಕ್ಕೂ ಪರೀಕ್ಷೆಗಿಟ್ಟಿತು. ಬಿಡಿಸಲು ಯೋಗ್ಯ ಅನಿಸಿದ 546 ರೋಗಿಗಳಿಗೆ ಮೊದಲು ಎರಡು ಗಂಟೆ ಸ್ವಂತ ಉಸಿರಿನ ಪರೀಕ್ಷೆ ಮಾಡಿದರು. 416 ಜನ ಪಾಸಾದರು, ಟ್ಯೂಬ್ ತೆಗೆಸಿಕೊಂಡರು. ಅಂದರೆ ನಾಲ್ವರಲ್ಲಿ ಮೂವರಿಗೆ ನಿಧಾನವಾಗಿ ಇಳಿಸುವ ಅಗತ್ಯವೇ ಇರಲಿಲ್ಲ! ಉಳಿದ 130 ಜನರಲ್ಲಿ ಬೇರೆ ಬೇರೆ ವಿಧಾನ ಹೋಲಿಸಿದರು. ದಿನಕ್ಕೊಮ್ಮೆ ಪರೀಕ್ಷೆ ಮಾಡುವ ವಿಧಾನ, ಉಸಿರಿನ ಸಂಖ್ಯೆ ಇಳಿಸುವ ಹಳೆಯ ವಿಧಾನಕ್ಕಿಂತ ಸುಮಾರು ಮೂರು ಪಟ್ಟು ಬೇಗ ಬಿಡಿಸಿತು. ಪ್ರತಿ ಉಸಿರಿಗೂ ಯಂತ್ರ ಕೊಡುವ ಒತ್ತಡದ ನೆರವನ್ನು ಸ್ವಲ್ಪ ಸ್ವಲ್ಪವೇ ಇಳಿಸುವ ವಿಧಾನಕ್ಕಿಂತ ಸುಮಾರು ಎರಡು ಪಟ್ಟು ಬೇಗ.

ಇದರಿಂದ ಒಂದು ಕಹಿ ಸತ್ಯವೂ ಹೊರಬಂತು. ರೋಗಿ ಸಿದ್ಧ ಆದ ಮೇಲೂ ನಾವು ಕಾಯುತ್ತಾ ಕೂರುತ್ತೇವೆ. ಅನುಭವಿ ವೈದ್ಯರ ಅಂದಾಜು ಕೂಡ ಎಚ್ಚರಿಕೆಯ ಕಡೆಗೇ ವಾಲುತ್ತದೆ. ಆಕಸ್ಮಿಕವಾಗಿ ಟ್ಯೂಬ್ ಹೊರಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮತ್ತೆ ಹಾಕುವ ಅಗತ್ಯ ಬೀಳುವುದಿಲ್ಲ. ಅವರು ಅಷ್ಟು ಹೊತ್ತಿಗಾಗಲೇ ಸಿದ್ಧರಿದ್ದರು, ಯಾರೂ ಕೇಳಿರಲಿಲ್ಲ ಅಷ್ಟೇ.

ಅದಕ್ಕೇ ಈಗ ಬೆಳಿಗ್ಗೆ ಒಂದು ಪಟ್ಟಿ ನೋಡುತ್ತಾರೆ. ಯಂತ್ರ ಹಾಕಲು ಕಾರಣವಾದ ಕಾಯಿಲೆ ಹತೋಟಿಗೆ ಬಂದಿದೆಯಾ? ಆಕ್ಸಿಜನ್ ಶೇ 40ರಿಂದ 50ರೊಳಗೆ ಸಾಲುತ್ತಿದೆಯಾ? ಉಸಿರು ಬಿಟ್ಟಾಗ ಶ್ವಾಸಕೋಶ ಮುಚ್ಚದಂತೆ ಹಿಡಿಯುವ ಒತ್ತಡ 5ರಿಂದ 8 ಸೆಂ.ಮೀ. ನೀರಿನ ಒತ್ತಡದೊಳಗೆ ಇಳಿದಿದೆಯಾ? ಬಿಪಿ ಬೀಳದಂತೆ ಕೊಡುವ ಮದ್ದು ನಿಂತಿದೆಯಾ, ಅಥವಾ ತುಂಬಾ ಕಡಿಮೆ ಇದೆಯಾ? ಸ್ವಂತ ಉಸಿರಿನ ಪ್ರಯತ್ನ ಕಾಣುತ್ತಿದೆಯಾ? ಹೌದು ಎಂದಾದರೆ ಪರೀಕ್ಷೆ. ನರ್ಸ್, ಉಸಿರಾಟ ಚಿಕಿತ್ಸಕರೇ ಈ ಪಟ್ಟಿ ನೋಡಬಹುದು. 1996ರಲ್ಲಿ 300 ರೋಗಿಗಳಲ್ಲಿ ಹೀಗೇ ಮಾಡಿದಾಗ ಯಂತ್ರದ ಸಮಯ 6 ದಿನದಿಂದ ನಾಲ್ಕೂವರೆ ದಿನಕ್ಕೆ ಇಳಿಯಿತು.

ಅರ್ಧ ಗಂಟೆಯ ಪರೀಕ್ಷೆ

ಪರೀಕ್ಷೆ ಸರಳ. ಟ್ಯೂಬ್ ಇದ್ದಲ್ಲೇ ಇರುತ್ತದೆ. ಯಂತ್ರದ ನೆರವು ತೀರಾ ಕಡಿಮೆ ಮಾಡುತ್ತಾರೆ. ಇಲ್ಲವೇ ಯಂತ್ರ ಬಿಚ್ಚಿ ಟಿ-ಪೀಸ್ ಎಂಬ ಕೊಳವೆಯಿಂದ ಬರೀ ಆಕ್ಸಿಜನ್ ಕೊಡುತ್ತಾರೆ. ಮೊದಲು ಎರಡು ಗಂಟೆ ಮಾಡುತ್ತಿದ್ದರು. ಮೊದಲ ಸಲದ ಪರೀಕ್ಷೆಗೆ 30 ನಿಮಿಷವೂ ಅಷ್ಟೇ ಉತ್ತರ ಕೊಡುತ್ತದೆ ಎಂದು 1999ರಲ್ಲಿ ಗೊತ್ತಾಯಿತು. 2019ರಲ್ಲಿ 1,153 ರೋಗಿಗಳಲ್ಲಿ ಎರಡನ್ನು ಹೋಲಿಸಿದರು: ಸಣ್ಣ ನೆರವಿನೊಂದಿಗೆ 30 ನಿಮಿಷ, ಟಿ-ಪೀಸ್‌ನಲ್ಲಿ ಎರಡು ಗಂಟೆ. ಸುಲಭದ ಪರೀಕ್ಷೆ ಕೊಟ್ಟ ಗುಂಪಿನಲ್ಲಿ ಶೇ 82 ಜನ ಯಶಸ್ವಿಯಾಗಿ ಹೊರಬಂದರು. ಕಠಿಣ ಪರೀಕ್ಷೆಯ ಗುಂಪಿನಲ್ಲಿ ಶೇ 74. ನಿತ್ರಾಣರಾದವರನ್ನು ಪರೀಕ್ಷೆಯಲ್ಲೇ ಸುಸ್ತು ಮಾಡಬಾರದು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಪರೀಕ್ಷೆಯ ಹೊತ್ತಿನಲ್ಲಿ ಒಬ್ಬರು ಹತ್ತಿರವೇ ನಿಂತು ನೋಡಬೇಕು. ಉಸಿರು ನಿಮಿಷಕ್ಕೆ 35 ದಾಟಿತಾ, ಆಕ್ಸಿಜನ್ ಮಟ್ಟ 90ಕ್ಕಿಂತ ಕೆಳಗಿಳಿಯಿತಾ, ನಾಡಿ 140 ಮೀರಿತಾ, ಬೆವರು ಕಿತ್ತುಬಂತಾ, ಕತ್ತಿನ ಸ್ನಾಯು ಎಳೆದುಕೊಳ್ಳುತ್ತಿವೆಯಾ, ಮುಖದಲ್ಲಿ ಭಯ ಇದೆಯಾ. ಇವು ಕಂಡು ಮುಂದುವರಿದರೆ ಪರೀಕ್ಷೆ ನಿಲ್ಲಿಸಿ ಮತ್ತೆ ಯಂತ್ರದ ನೆರವು ಕೊಡುತ್ತಾರೆ.

ಒಂದು ಹಳೆಯ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1991ರಲ್ಲಿ ಯಾಂಗ್ ಮತ್ತು ಟೋಬಿನ್ ಎಂಬ ಇಬ್ಬರು ವೈದ್ಯರು ಕೊಟ್ಟದ್ದು. ನಿಮಿಷಕ್ಕೆ ಎಷ್ಟು ಉಸಿರು ಎಂಬುದನ್ನು ಒಂದು ಉಸಿರಿಗೆ ಎಷ್ಟು ಲೀಟರ್ ಗಾಳಿ ಎಂಬುದರಿಂದ ಭಾಗಿಸಬೇಕು. 20 ಉಸಿರು, ಅರ್ಧ ಲೀಟರ್ ಗಾಳಿ ಅಂದರೆ 40. ಇದು ನಿರಾಳ ಉಸಿರು. 36 ಉಸಿರು, ಕಾಲು ಲೀಟರ್ ಗಾಳಿ ಅಂದರೆ 144. ಇದು ಚುಟುಕು ಚುಟುಕು ಏದುಸಿರು. 105 ದಾಟಿದರೆ ಸೋಲುವ ಸಾಧ್ಯತೆ ಜಾಸ್ತಿ. ಆದರೆ ಬರೀ ಈ ಸಂಖ್ಯೆ ನೋಡಿ ತೀರ್ಪು ಕೊಡುವುದು ತಪ್ಪು. ಹೆದರಿದವರಲ್ಲೂ ಉಸಿರು ಹೀಗೇ ಆಗುತ್ತದೆ.

ಫೇಲಾದರೆ ಏನು ಹುಡುಕಬೇಕು

"ಇವತ್ತು ಟ್ರಯಲ್ ಫೇಲ್ ಆಯ್ತು" ಎಂಬ ಮಾತು ಮನೆಯವರ ಎದೆ ಒಡೆಯುತ್ತದೆ. ಅದು ಕೆಟ್ಟ ಸುದ್ದಿಯೇ ಆಗಿರಬೇಕಿಲ್ಲ. ಅಡ್ಡಿ ಎಲ್ಲಿದೆ ಎಂದು ತೋರಿಸುವ ಸುಳಿವು ಅದು. ಸುಳಿವನ್ನು ಓದದೆ, ನಾಳೆ ಮತ್ತೆ ಅದೇ ಪರೀಕ್ಷೆ ಸುಮ್ನೆ ಮಾಡಿದರೆ ಪ್ರಯೋಜನವಿಲ್ಲ.

ಉಸಿರಾಟಕ್ಕೆ ಮೂರು ಬೇಕು. ಮಿದುಳಿನ ಆದೇಶ, ಸ್ನಾಯುವಿನ ಬಲ, ಮತ್ತು ಆ ಬಲಕ್ಕೆ ಮೀರದಷ್ಟು ಹೊರೆ. ಮತ್ತಿನ ಮದ್ದು ಆದೇಶವನ್ನು ಮಂಕು ಮಾಡುತ್ತದೆ. ರಕ್ತದಲ್ಲಿ ಫಾಸ್ಫೇಟ್, ಮೆಗ್ನೀಸಿಯಂ ಕಡಿಮೆಯಾದರೆ, ಪೋಷಣೆ ಸಾಲದಿದ್ದರೆ ಬಲ ಕುಗ್ಗುತ್ತದೆ. ಕಟ್ಟಿದ ಕಫ, ಬಿಗಿದ ಶ್ವಾಸನಾಳ, ಶ್ವಾಸಕೋಶದ ಸುತ್ತ ತುಂಬಿದ ನೀರು, ಉಬ್ಬರಿಸಿದ ಹೊಟ್ಟೆ, ಜ್ವರ ಇವೆಲ್ಲ ಹೊರೆ. ಕಾರಣ ಸಿಕ್ಕರೆ ಬಹಳಷ್ಟನ್ನು ಸರಿಮಾಡಬಹುದು.

ಹೆಚ್ಚು ಸಲ ಕಣ್ತಪ್ಪುವುದು ಹೃದಯ. ಯಂತ್ರ ಗಾಳಿ ತಳ್ಳುವಾಗ ಎದೆಯೊಳಗೆ ಒತ್ತಡ ಹೆಚ್ಚಿರುತ್ತದೆ. ದೇಹದಿಂದ ಹೃದಯಕ್ಕೆ ವಾಪಸ್ ಬರುವ ರಕ್ತವನ್ನು ಅದು ಸ್ವಲ್ಪ ತಡೆಯುತ್ತದೆ, ಹೃದಯದ ಎಡಭಾಗದ ಕೆಲಸವನ್ನೂ ಹಗುರ ಮಾಡುತ್ತದೆ. ಒತ್ತಡ ತೆಗೆದ ಕೂಡಲೇ ರಕ್ತ ಹೆಚ್ಚಾಗಿ ನುಗ್ಗುತ್ತದೆ, ಕೆಲಸವೂ ಹೆಚ್ಚುತ್ತದೆ. ದುರ್ಬಲ ಹೃದಯಕ್ಕೆ ಇದು ತಡೆಯದು. ಕೆಲವೇ ನಿಮಿಷಗಳಲ್ಲಿ ಶ್ವಾಸಕೋಶದೊಳಗೆ ನೀರು ತುಂಬುತ್ತದೆ. ಹೊರಗಿನಿಂದ ನೋಡಿದರೆ "ಶ್ವಾಸಕೋಶ ಇನ್ನೂ ಸಿದ್ಧವಿಲ್ಲ" ಅನಿಸುತ್ತದೆ. ಅಸಲಿಗೆ ಬೇಕಾದದ್ದು ಮೂತ್ರ ಹೆಚ್ಚಿಸಿ ನೀರಿಳಿಸುವ ಮದ್ದು, ಬಿಪಿ ಹತೋಟಿ. ಐಸಿಯುನಲ್ಲಿ ಮೊದಲ ದಿನಗಳಲ್ಲಿ ಲೀಟರ್‌ಗಟ್ಟಲೆ ದ್ರವ ಏರಿಸಿರುತ್ತಾರೆ. ಅದನ್ನು ಇಳಿಸದೆ ವೀನಿಂಗ್‌ಗೆ ಹೊರಟರೆ ಹೀಗಾಗುವುದು ಸಹಜ.

ಹಲವು ವರ್ಷಗಳಿಂದ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವವರಲ್ಲಿ ಇನ್ನೊಂದು ಬಲೆ ಇದೆ. ಅವರಲ್ಲಿ ಹಲವರ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಯಾವಾಗಲೂ ಹೆಚ್ಚೇ. ಕಿಡ್ನಿ ಅದಕ್ಕೆ ತಕ್ಕಂತೆ ಬೈಕಾರ್ಬನೇಟ್ ಎಂಬ ಕ್ಷಾರವನ್ನು ಹಿಡಿದಿಟ್ಟು ಸಮ ಮಾಡಿಕೊಂಡಿರುತ್ತದೆ. ಯಂತ್ರದ ಮೇಲೆ ನಾವು ಕಾರ್ಬನ್ ಡೈಆಕ್ಸೈಡನ್ನು "ನಾರ್ಮಲ್"ಗೆ ಇಳಿಸಿಬಿಟ್ಟರೆ ಕೆಲವು ದಿನಗಳಲ್ಲಿ ಕಿಡ್ನಿ ಆ ಸಂಗ್ರಹವನ್ನು ಹೊರಹಾಕುತ್ತದೆ. ಯಂತ್ರ ಬಿಡಿಸಿದಾಗ ಅವರ ಕಾರ್ಬನ್ ಡೈಆಕ್ಸೈಡ್ ಮೊದಲಿನ ಮಟ್ಟಕ್ಕೆ ಏರುತ್ತದೆ. ಈಗ ಸಮ ಮಾಡಲು ಏನೂ ಉಳಿದಿಲ್ಲ. ರಕ್ತ ಆಮ್ಲೀಯವಾಗುತ್ತದೆ, ಪರೀಕ್ಷೆ ಫೇಲ್. ಪುಸ್ತಕದ ನಾರ್ಮಲ್ ಅಲ್ಲ, ಆ ರೋಗಿಯ ಹಳೆಯ ನಾರ್ಮಲ್ ನೋಡಬೇಕು.

ಫೇಲಾದ ದಿನ ಪೂರ್ತಿ ವಿಶ್ರಾಂತಿ ಕೊಡುವುದು ರೂಢಿ. ದಣಿದ ಸ್ನಾಯುವಿಗೆ ಸುಮಾರು 24 ಗಂಟೆ ಬೇಕು. ರಾತ್ರಿ ನಿದ್ದೆ ಕೆಡದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ.

ಯಂತ್ರ ಬೇರೆ, ಟ್ಯೂಬ್ ಬೇರೆ

ಪರೀಕ್ಷೆ ಪಾಸಾದರೆ ಯಂತ್ರ ಬೇಡ ಎಂದು ಗೊತ್ತಾಯಿತು. ಟ್ಯೂಬ್ ಬೇಡವೇ ಎಂಬುದು ಇನ್ನೂ ಗೊತ್ತಾಗಿಲ್ಲ. ಕಫವನ್ನು ಸ್ವಂತವಾಗಿ ಕೆಮ್ಮಿ ತೆಗೆಯುವ ಬಲ ಇದೆಯಾ? ಎರಡೆರಡು ಗಂಟೆಗೆ, ಇನ್ನೂ ಬೇಗ ಬೇಗ ಸಕ್ಷನ್, ಅಂದರೆ ಕೊಳವೆಯಿಂದ ಕಫ ಎಳೆದು ತೆಗೆಯುವುದು, ಬೇಕಾಗುತ್ತಿದೆಯಾ? ಕಣ್ಣು ಬಿಡಿ, ಕೈ ಹಿಡಿಯಿರಿ ಎಂದರೆ ಮಾಡುತ್ತಾರಾ? ಕೆಮ್ಮು ದುರ್ಬಲ, ಕಫ ಜಾಸ್ತಿ, ಎಚ್ಚರ ಕಡಿಮೆ, ಈ ಮೂರೂ ಕೂಡಿದವರಲ್ಲಿ ಟ್ಯೂಬ್ ತೆಗೆಯುವುದು ದೊಡ್ಡ ಅಪಾಯ.

ಕೆಲವರಿಗೆ ಟ್ಯೂಬ್ ಒತ್ತಿ ಗಂಟಲು ಊದಿಕೊಂಡಿರುತ್ತದೆ. ಅದನ್ನು ತಿಳಿಯಲು ಟ್ಯೂಬಿನ ಸುತ್ತಲಿರುವ ಸಣ್ಣ ಬಲೂನಿನ ಗಾಳಿ ತೆಗೆದು, ಪಕ್ಕದಿಂದ ಗಾಳಿ ಸೋರುತ್ತದಾ ಎಂದು ನೋಡುತ್ತಾರೆ. ಸೋರದಿದ್ದರೆ ಊತ ಇರಬಹುದು. ಕೆಲವು ಗಂಟೆ ಮೊದಲೇ ಸ್ಟೀರಾಯ್ಡ್ ಕೊಟ್ಟು ಊತ ಇಳಿಸಿ ಮುಂದುವರಿಯುತ್ತಾರೆ.

ಟ್ಯೂಬ್ ಹೊರಬಂದ ಮೇಲೆ ಮೊದಲ 48ರಿಂದ 72 ಗಂಟೆ ಸೂಕ್ಷ್ಮ. ಸಾಮಾನ್ಯವಾಗಿ ಶೇ 10ರಿಂದ 20 ಜನರಿಗೆ ಮತ್ತೆ ಟ್ಯೂಬ್ ಬೇಕಾಗುತ್ತದೆ. ಈ ಸಂಖ್ಯೆ ಸೊನ್ನೆ ಇರುವ ಐಸಿಯು ಒಳ್ಳೆಯದು ಅಂದುಕೊಳ್ಳಬೇಡಿ. ಅಲ್ಲಿ ಎಲ್ಲರನ್ನೂ ಬೇಕಾದ್ದಕ್ಕಿಂತ ಹೆಚ್ಚು ದಿನ ಯಂತ್ರದ ಮೇಲೆ ಇಟ್ಟಿರುವ ಸಾಧ್ಯತೆಯೇ ಹೆಚ್ಚು.

ಅಪಾಯ ಹೆಚ್ಚಿರುವವರಿಗೆ, ಮುಖ್ಯವಾಗಿ ಸಿಒಪಿಡಿ ಅಥವಾ ಹೃದಯದ ತೊಂದರೆ ಇರುವವರಿಗೆ, ಟ್ಯೂಬ್ ತೆಗೆದ ಕೂಡಲೇ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವುದು ಸಹಾಯಕ. ಮೂಗಿನ ಮೂಲಕ ಬಿಸಿ ಮಾಡಿದ, ತೇವದ ಆಕ್ಸಿಜನ್ ಅನ್ನು ಜೋರಾಗಿ ಹರಿಸುವ ಸಾಧನವೂ ಇದೆ. ಆದರೆ ಇದರಲ್ಲಿ ಹೊತ್ತು ಮುಖ್ಯ. ಉಸಿರಾಟ ಆಗಲೇ ಸೋತ ಮೇಲೆ ಮಾಸ್ಕ್ ಹಾಕಿ ಕಾಯುವುದು ಬೇರೆ ಮಾತು. 2004ರ ದೊಡ್ಡ ಅಧ್ಯಯನವೊಂದರಲ್ಲಿ ಹಾಗೆ ಮಾಡಿದವರಲ್ಲಿ ಸಾವು ಹೆಚ್ಚಾಗಿತ್ತು. ಅವರಿಗೆ ಮತ್ತೆ ಟ್ಯೂಬ್ ಹಾಕುವುದು ತಡವಾಗಿತ್ತು. ಮತ್ತೆ ಬೇಕು ಅನಿಸಿದಾಗ ಹಿಂಜರಿಯಬಾರದು.

ಇನ್ನು ಮನೆಯವರಿಗೆ ಒಂದು ಮಾತು. ಟ್ಯೂಬ್ ತೆಗೆದ ಮೇಲೆ ದನಿ ಒಡೆದಿರುತ್ತದೆ, ನುಂಗುವ ಶಕ್ತಿ ಇನ್ನೂ ಸರಿಯಾಗಿರುವುದಿಲ್ಲ. ಬಾಯಾರಿಕೆ ಅಂತ ಕೇಳಿದರೂ ನರ್ಸ್ ಹೇಳುವವರೆಗೆ ನೀರು ಕೊಡಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಟ್ಯೂಬ್ ಇರುವಾಗ ನೀವು ಮಾಡಬಹುದಾದದ್ದು ಬೇಕಾದಷ್ಟಿದೆ. ಅವರ ಕನ್ನಡಕ, ಕಿವಿಯ ಯಂತ್ರ ತಂದುಕೊಡಿ. ಇವತ್ತು ಯಾವ ವಾರ, ಈಗ ಹಗಲೋ ರಾತ್ರಿಯೋ ಹೇಳಿ. ಅಕ್ಷರ ತೋರಿಸುವ ಹಲಗೆ ಕೊಡಿ. ಡಾಕ್ಟರ್ ಬಂದಾಗ "ಇವತ್ತು ಪರೀಕ್ಷೆ ಮಾಡಿದ್ರಾ? ಇಲ್ಲವಾದರೆ ಯಾವುದು ಅಡ್ಡ ಬಂತು?" ಎಂದು ಕೇಳಿ. ಈ ಪ್ರಶ್ನೆ ಕೇಳಲು ಸಂಕೋಚ ಬೇಡ.

ದೀರ್ಘ ದಾರಿ

2005ರಲ್ಲಿ ಬುಡಾಪೆಸ್ಟ್‌ನಲ್ಲಿ ಸೇರಿದ ತಜ್ಞರು ರೋಗಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಪ್ರಯತ್ನದಲ್ಲೇ ಹೊರಬರುವವರು ಹೆಚ್ಚಿನವರು. ಮೂರು ಪರೀಕ್ಷೆಯೊಳಗೆ ಅಥವಾ ಮೊದಲ ಪರೀಕ್ಷೆಯಿಂದ ಏಳು ದಿನದೊಳಗೆ ಬರುವವರು ಎರಡನೆಯವರು. ಅದಕ್ಕಿಂತ ಹೆಚ್ಚು ಬೇಕಾದವರು ಮೂರನೆಯವರು. ಸಂಖ್ಯೆಯಲ್ಲಿ ಕಡಿಮೆ ಇದ್ದರೂ ಐಸಿಯುನ ಎಷ್ಟೋ ದಿನಗಳು ಇವರ ಪಾಲಿಗೆ ಹೋಗುತ್ತವೆ.

ಇವರಿಗೆ ಕತ್ತಿನಲ್ಲಿ ಸಣ್ಣ ರಂಧ್ರ ಮಾಡಿ ಟ್ಯೂಬ್ ಇಡುವ ಟ್ರಾಕಿಯಾಸ್ಟಮಿ ಸಲಹೆ ಬರುತ್ತದೆ. ಅದನ್ನು ಕೇಳಿದ ಕೂಡಲೇ "ಇನ್ನು ಆಸೆ ಇಲ್ಲ" ಅಂದುಕೊಳ್ಳುವವರು ಬಹಳ. ಆ ಭಯ ಬೇಡ. ಬಾಯಿಯ ಟ್ಯೂಬ್‌ಗಿಂತ ಇದು ಹಿತ. ಮತ್ತಿನ ಮದ್ದು ಕಡಿಮೆ ಸಾಕು, ಕಫ ತೆಗೆಯುವುದು ಸುಲಭ, ವಿಶೇಷ ಕವಾಟ ಹಾಕಿದರೆ ಮಾತನಾಡಲೂಬಹುದು. ಆಮೇಲೆ ತೆಗೆದರೆ ರಂಧ್ರ ಸಾಮಾನ್ಯವಾಗಿ ತಾನಾಗಿ ಮುಚ್ಚುತ್ತದೆ. ಹಾಗಂತ ಅವಸರವೂ ಬೇಡ. 2013ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಮೊದಲ ನಾಲ್ಕು ದಿನದಲ್ಲಿ ಮಾಡುವುದನ್ನೂ ಹತ್ತು ದಿನ ಕಾದು ಮಾಡುವುದನ್ನೂ ಹೋಲಿಸಿತು. ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾದ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನು ಮಾಡಲೇ ಇಲ್ಲ.

ಇಲ್ಲಿಂದ ಮುಂದೆ ಕೆಲಸ ನಿಧಾನ. ಹಗಲು ಯಂತ್ರ ಬಿಚ್ಚಿ ಕತ್ತಿನ ಕಾಲರ್‌ನಿಂದ ಆಕ್ಸಿಜನ್, ರಾತ್ರಿ ಮತ್ತೆ ಯಂತ್ರ. ಮೊದಲ ದಿನ ಒಂದು ಗಂಟೆ, ಮುಂದೆ ಇಡೀ ಹಗಲು. ದೀರ್ಘಕಾಲ ಯಂತ್ರದ ಮೇಲಿದ್ದವರಲ್ಲಿ ಈ ವಿಧಾನ, ಒತ್ತಡದ ನೆರವು ಇಳಿಸುವುದಕ್ಕಿಂತ ಬೇಗ ಬಿಡಿಸಿತು ಎಂದು 2013ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಜೊತೆಗೆ ಫಿಸಿಯೋಥೆರಪಿ ನಡೆಯುತ್ತದೆ. ಹಾಸಿಗೆಯಲ್ಲಿ ಕೂರುವುದು, ಅಂಚಿಗೆ ಕಾಲು ಇಳಿಬಿಡುವುದು, ಹಿಡಿದು ನಿಲ್ಲುವುದು. ಟ್ಯೂಬ್ ಇದ್ದುಕೊಂಡೇ ನಡೆಯುವವರೂ ಇದ್ದಾರೆ.

ಕತ್ತಿನ ಎತ್ತರದಲ್ಲಿ ಬೆನ್ನುಹುರಿ ಪೆಟ್ಟಾದವರಿಗೆ, ಸ್ನಾಯು ಅಥವಾ ನರ ಸವೆಯುವ ಕಾಯಿಲೆ ಇರುವವರಿಗೆ ಯಂತ್ರ ಪೂರ್ತಿ ಬಿಡದಿರಬಹುದು. ಕೆಲವರಿಗೆ ರಾತ್ರಿ ಮಾಸ್ಕ್ ಸಾಕು. ಇನ್ನು ಕೆಲವರು ಸಣ್ಣ ವೆಂಟಿಲೇಟರ್ ಜೊತೆ ಮನೆಗೆ ಹೋಗುತ್ತಾರೆ. ಅದಕ್ಕೆ ಮನೆಯಲ್ಲಿ ಕನಿಷ್ಠ ಇಬ್ಬರು ಸಕ್ಷನ್ ಮಾಡುವುದನ್ನು, ಟ್ಯೂಬ್ ಕಳಚಿದರೆ ಏನು ಮಾಡಬೇಕು ಎಂಬುದನ್ನು ಆಸ್ಪತ್ರೆಯಲ್ಲೇ ಕಲಿತಿರಬೇಕು. ಕೈಯಿಂದ ಒತ್ತುವ ಚೀಲ ಹಾಸಿಗೆಯ ಪಕ್ಕದಲ್ಲೇ ಇರಬೇಕು, ಕರೆಂಟ್ ಹೋದರೆ ನಡೆಸುವ ಬ್ಯಾಟರಿ ಇರಬೇಕು. ಈ ತಯಾರಿಯ ಮಾತನ್ನು ಮನೆಗೆ ಕಳಿಸುವ ದಿನದವರೆಗೆ ಮುಂದೂಡದೆ, ಯಂತ್ರ ಪೂರ್ತಿ ಬಿಡಲಿಕ್ಕಿಲ್ಲ ಎಂದು ಕಂಡಾಗಲೇ ಶುರು ಮಾಡಬೇಕು.